ಗೆದ್ದವರಿಲ್ಲದ ಕಾಳಗ

ಮಾಘಮಾಸ ಕಾಲಿಟ್ಟಿತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಜಾತ್ರೆಗಳ ಸುಗ್ಗಿ. ಮೈಲಾರದ ಕಾರಣಿಕ, ಕೊಟ್ಟೂರೇಶ್ವರನ ತೇರು, ಶಿವರಾತ್ರಿಯ ಆಸುಪಾಸಿನಲ್ಲಿ ಕುರುವತ್ತಿ ಬಸವೇಶ್ವರನ ಉತ್ಸವ, ಹೀಗೆ ಒಂದರ ಬೆನ್ನಿಗೆ ಒಂದು ಬರುತ್ತವೆ. ತೇರು ಎಳೆದಾದ ಮೇಲೆ ಜನರನ್ನು ಊರಿನಲ್ಲಿ ಹಿಡಿದು ನಿಲ್ಲಿಸುವ ಆಕರ್ಷಣೆಗಳಲ್ಲಿ ಬಯಲು ಜಂಗಿ ಕುಸ್ತಿಯದು ಮೇಲಿನ ಸ್ಥಾನ. ಮಣ್ಣು ಹದಮಾಡಿದ ಕಣ, ಸುತ್ತಲೂ ಕಿಕ್ಕಿರಿದ ಜನ, ಹಲಗೆಯ ಸದ್ದು, ಗೆದ್ದವನ ಕೈಗೆ ಏರಲು ಕಾದಿರುವ ಬೆಳ್ಳಿಯ ಕಡಗ. ಇಷ್ಟಿದ್ದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಈ ಕುಸ್ತಿಯ ನಿಯಮ ಮಗುವಿಗೂ ತಿಳಿಯುವಷ್ಟು ಸರಳವಾದುದು. ಎದುರಾಳಿಯ ಬೆನ್ನಿಗೆ ಮಣ್ಣು ಮುಟ್ಟಿಸಿದವನು ಗೆದ್ದ, ಮುಟ್ಟಿಸಿಕೊಂಡವನು ಸೋತ. ಅಂಕಗಳ ಲೆಕ್ಕವಿಲ್ಲ, ವಾದಕ್ಕೆ ಎಡೆಯಿಲ್ಲ. ಆದರೆ ಇಬ್ಬರ ಬೆನ್ನಿಗೂ ಮಣ್ಣು ಮುಟ್ಟದೆ ಹೋದರೆ? ಹೊತ್ತು ಮುಳುಗುತ್ತಿದೆ, ಇನ್ನೂ ಜೋಡಿಗಳು ಕಾದಿವೆ, ಪೈಲ್ವಾನರಿಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಗೂಳಿಗಳಂತೆ ನಿಂತುಬಿಟ್ಟಿದ್ದಾರೆ. ಆಗ ಪಂಚರು ಒಳಗೆ ಹೋಗಿ ಇಬ್ಬರ ಕೈಗಳನ್ನೂ ಒಟ್ಟಿಗೆ ಮೇಲೆತ್ತಿ ‘ಸಮ’ ಎಂದು ಸಾರುತ್ತಾರೆ.

ಈ ಒಂದು ಮಾತು ಹೇಳುವುದು ಸುಲಭವಲ್ಲ. ಗೆದ್ದವನ ಹೆಸರು ಹೇಳಿದರೆ ಅರ್ಧದಷ್ಟು ಜನವಾದರೂ ಶಿಳ್ಳೆ ಹಾಕುತ್ತಾರೆ. ‘ಸಮ’ ಎಂದರೆ ಎರಡೂ ಕಡೆಯವರು ಗೊಣಗುತ್ತಾರೆ. ಇನ್ನು ಹತ್ತು ನಿಮಿಷ ಬಿಟ್ಟಿದ್ದರೆ ನಮ್ಮವನೇ ಗೆಲ್ಲುತ್ತಿದ್ದನೆಂದು ಇತ್ತಲಿನವರೂ ಅತ್ತಲಿನವರೂ ಹೇಳುವುದುಂಟು. ಹಣವನ್ನು ಇಬ್ಬರಿಗೂ ಸಮನಾಗಿ ಹಂಚುವುದು ರೂಢಿ. ಅದರಿಂದಲೇ ಇನ್ನೊಂದು ಗುಮಾನಿಯೂ ಹುಟ್ಟುತ್ತದೆ. ಇಬ್ಬರೂ ಮೊದಲೇ ಮಾತಾಡಿಕೊಂಡು, ಮೈ ನೋಯಿಸಿಕೊಳ್ಳದೆ, ಹಣ ಹಂಚಿಕೊಂಡರೇ? ವರ್ಷವಿಡೀ ಗರಡಿಯಲ್ಲಿ ಬೆವರು ಸುರಿಸಿದವನಿಗೆ ಸೋಲಿಗಿಂತ ಈ ಮಾತೇ ಹೆಚ್ಚು ಚುಚ್ಚುತ್ತದೆ. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕವೂ ಒಂದೇ ಮಾತಿನದು. ಅದಕ್ಕೆ ರೈತನು ಮಳೆಬೆಳೆಯ ಅರ್ಥ ಹೇಳಿದರೆ, ರಾಜಕಾರಣಿ ತನ್ನ ಅರ್ಥ ಹೇಳುತ್ತಾನೆ. ಪಂಚರ ‘ಸಮ’ ಎಂಬ ನುಡಿಯ ಪಾಡೂ ಅದೇ.

ಆದ್ದರಿಂದ ಯಾರೂ ಗೆಲ್ಲಲಿಲ್ಲವೆಂದು ಹೇಳುವುದೂ ಒಂದು ತೀರ್ಪು. ಗೆಲುವಿನ ತೀರ್ಪಿಗಿಂತ ಅದಕ್ಕೆ ಹೆಚ್ಚಿನ ಕಾರಣಗಳು ಬೇಕಾಗುತ್ತವೆ.

ಹಂಪೆಯ ನ್ಯಾಯಗಾರರು

ಕಾಳಗಕ್ಕೆ ತೀರ್ಪುಗಾರರು ಬೇಕೆಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ. ಈ ಐದು ತಾಲ್ಲೂಕುಗಳಿರುವ ಜಿಲ್ಲೆಯಲ್ಲಿಯೇ ಹಂಪೆಯೂ ಇದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಮಲ್ಲಕಾಳಗಗಳನ್ನು ಕಂಡು ಬರೆದಿಟ್ಟಿದ್ದಾನೆ. ಅವು ತನ್ನ ನಾಡಿನ ಕುಸ್ತಿಯಂತಿರಲಿಲ್ಲವೆಂದು ಅವನ ಹೇಳಿಕೆ. ಹಲ್ಲು ಮುರಿಯುವಂತೆ, ಕಣ್ಣು ಹೋಗುವಂತೆ, ಮುಖ ಗುರುತು ಸಿಗದಂತೆ ಹೊಡೆತಗಳು ಬೀಳುತ್ತಿದ್ದವಂತೆ. ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರಂತೆ. ಹೊಡೆತದ ಜೊತೆಗೆ ಕೆಡಹುವ ಪಟ್ಟುಗಳೂ ಇದ್ದವು. ಇಷ್ಟೆಲ್ಲ ಹೇಳಿದ ಮೇಲೆ ಅವನು ಒಂದು ಸಂಗತಿಯನ್ನು ಮರೆಯದೆ ಸೇರಿಸುತ್ತಾನೆ: ಇಬ್ಬರನ್ನೂ ಸರಿಸಮನಾಗಿ ಕಣದಲ್ಲಿ ನಿಲ್ಲಿಸುವುದಕ್ಕೂ, ಗೆದ್ದವನಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸುವುದಕ್ಕೂ ನಾಯಕರೂ ನ್ಯಾಯಗಾರರೂ ಅಲ್ಲಿದ್ದರು.

ಹೊಡೆತವೂ ಹಿಡಿತವೂ ಬೆರೆತ ಈ ಕಾಳಗದ ವರ್ಣನೆಯನ್ನು ಓದಿದವರಿಗೆ ಇಂದು ದೂರದರ್ಶನದಲ್ಲಿಯೂ ಕೈಯೊಳಗಿನ ಫೋನಿನಲ್ಲಿಯೂ ಮಕ್ಕಳು ನೋಡುವ ‘ಮಿಕ್ಸೆಡ್ ಮಾರ್ಷಲ್ ಆರ್ಟ್ಸ್’ ನೆನಪಾದರೆ ಆಶ್ಚರ್ಯವಿಲ್ಲ. ಗುದ್ದು, ಒದೆತ, ಕುಸ್ತಿಯ ಪಟ್ಟು, ಕೀಲು ತಿರುವುವ ಹಿಡಿತ, ಎಲ್ಲವೂ ಬೆರೆತ ಮಿಶ್ರ ಕಾಳಗ ಅದು. ಗೆಲುವಿಲ್ಲದ ಪಂದ್ಯವನ್ನು ಹೇಗೆ ಇತ್ಯರ್ಥ ಮಾಡಬೇಕೆಂಬ ಪ್ರಶ್ನೆಗೆ ಆ ಕ್ರೀಡೆ ಕಂಡುಕೊಂಡಿರುವ ಉತ್ತರಗಳು ಸ್ವಾರಸ್ಯವಾಗಿವೆ. ಅವುಗಳನ್ನು ನೋಡುವ ಮುನ್ನ ಹಳೆಯ ಎರಡು ಕುಸ್ತಿಗಳ ಕಥೆಯನ್ನು ಕೇಳಬೇಕು.

ಲಂಡನ್ನಿನ ಸಮ, ಸ್ಟಾಕ್‌ಹೋಮಿನ ಸಮ

1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲ್ವಾನನಿಗೂ ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಸ್ಕೊಗೂ ಜೋಡಿ ಬಿತ್ತು. ಗಾಮಾನ ಬಲವನ್ನು ಬೇಗನೆ ಅರಿತ ಜ್ಬಿಸ್ಕೊ ನೆಲಕ್ಕೆ ಬೋರಲಾಗಿ ಅಂಟಿಕೊಂಡುಬಿಟ್ಟ. ಬೋರಲಾಗಿ ಮಲಗಿದವನ ಬೆನ್ನನ್ನು ನೆಲಕ್ಕೆ ತಾಗಿಸುವುದು ಹೇಗೆ? ಎರಡೂವರೆ ಗಂಟೆಗೂ ಹೆಚ್ಚು ಕಾಲ ಗಾಮಾ ಹೆಣಗಿದ; ಫಲವಿಲ್ಲ. ಪಂದ್ಯ ಸಮವೆಂದು ಸಾರಿ, ಒಂದು ವಾರದ ಅನಂತರ ಮತ್ತೆ ಸೇರಬೇಕೆಂದು ಗೊತ್ತುಮಾಡಿದರು. ಸೆಪ್ಟೆಂಬರ್ 17ರಂದು ಜ್ಬಿಸ್ಕೊ ಬರಲೇ ಇಲ್ಲ. ಗೆಲುವು ಗಾಮಾನದಾಯಿತು. ಹದಿನೆಂಟು ವರ್ಷಗಳ ತರುವಾಯ, 1928ರಲ್ಲಿ, ಪಟಿಯಾಲದಲ್ಲಿ ಅವರಿಬ್ಬರೂ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷ ತುಂಬುವ ಮೊದಲೇ ಅವನನ್ನು ಚಿತ್ ಮಾಡಿದ. ಲಂಡನ್ನಿನಲ್ಲಿ ‘ಸಮ’ ಎಂದಾಗ ಇಬ್ಬರ ಬಲ ಸಮವಾಗಿತ್ತೆಂದು ಅರ್ಥವಲ್ಲ. ಗೆಲುವು ಅಂದು ರುಜುವಾತಾಗಲಿಲ್ಲವೆಂದಷ್ಟೇ ಅರ್ಥ.

ಎರಡನೆಯ ಕಥೆ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನದು. ಗ್ರೀಕೊ-ರೋಮನ್ ಕುಸ್ತಿಯ ಒಂದು ತೂಕವರ್ಗದ ಕೊನೆಯ ಪಂದ್ಯದಲ್ಲಿ ಸ್ವೀಡನ್ನಿನ ಆಂಡರ್ಸ್ ಆಲ್‌ಗ್ರೆನ್ ಮತ್ತು ಫಿನ್ಲೆಂಡಿನ ಈವಾರ್ ಬೋಲಿಂಗ್ ಒಂಬತ್ತು ಗಂಟೆಗಳಿಗೂ ಮೀರಿ ಹೋರಾಡಿದರು. ಒಬ್ಬರೂ ಬೀಳಲಿಲ್ಲ. ನಿರ್ಣಾಯಕರು ಪಂದ್ಯ ನಿಲ್ಲಿಸಿ ಕೊಟ್ಟ ತೀರ್ಪು ವಿಚಿತ್ರವಾಗಿತ್ತು. ಚಿನ್ನ ಬೇಕಾದರೆ ಎದುರಾಳಿಯನ್ನು ಸೋಲಿಸಿರಬೇಕು. ಇಲ್ಲಿ ಯಾರೂ ಯಾರನ್ನೂ ಸೋಲಿಸಿಲ್ಲ. ಆದಕಾರಣ ಇಬ್ಬರಿಗೂ ಬೆಳ್ಳಿ, ಚಿನ್ನ ಯಾರಿಗೂ ಇಲ್ಲ! ಅದೇ ಒಲಿಂಪಿಕ್ಸಿನ ಇನ್ನೊಂದು ತೂಕವರ್ಗದಲ್ಲಿ ಮಾರ್ಟಿನ್ ಕ್ಲೈನ್ ಎಂಬವನು 11 ಗಂಟೆ 40 ನಿಮಿಷ ಸೆಣಸಿ ಗೆದ್ದನು; ಆದರೆ ಅಂತಿಮ ಪಂದ್ಯಕ್ಕೆ ನಿಲ್ಲುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಇಂಥ ಅನುಭವಗಳ ಫಲವಾಗಿ ಅಂತರರಾಷ್ಟ್ರೀಯ ಕುಸ್ತಿ ಇಂದು ಸಮವನ್ನೇ ತೊಡೆದುಹಾಕಿದೆ. ಅಂಕಗಳು ಸಮವಾದರೆ ಹೆಚ್ಚಿನ ಬೆಲೆಯ ಪಟ್ಟು ಹಾಕಿದವರು ಯಾರೆಂದು ನೋಡುತ್ತಾರೆ. ಅದೂ ಸಮವಾದರೆ ಎಚ್ಚರಿಕೆ ಪಡೆದವರು ಯಾರೆಂದು. ಅದೂ ಸಮವಾದರೆ ಕೊನೆಯ ಅಂಕ ಯಾರದೆಂದು. ಹೇಗಾದರೂ ಒಬ್ಬನು ಗೆಲ್ಲಲೇಬೇಕು. ಮಿಶ್ರ ಕಾಳಗದವರು ಮಾತ್ರ ಬೇರೆ ದಾರಿ ಹಿಡಿದರು.

ಹತ್ತರ ಲೆಕ್ಕ

ಅಮೆರಿಕದ ಡೆನ್ವರ್ ನಗರದಲ್ಲಿ 1993ರ ನವೆಂಬರಿನಲ್ಲಿ ‘ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಷಿಪ್’ ಮೊದಲು ನಡೆದಾಗ ಅಂಕ ಕೊಡುವವರೇ ಇರಲಿಲ್ಲ. ಒಬ್ಬನು ಬೀಳಬೇಕು, ಇಲ್ಲವೇ ಶರಣಾಗಬೇಕು. ನಮ್ಮ ಜಾತ್ರೆಯ ಕುಸ್ತಿಯಂತೆಯೇ ಎನ್ನಬಹುದು. 1995ರ ಏಪ್ರಿಲಿನಲ್ಲಿ ರಾಯ್ಸ್ ಗ್ರೇಸಿ ಮತ್ತು ಕೆನ್ ಶ್ಯಾಮ್ರಾಕ್ 36 ನಿಮಿಷ ಸೆಣಸಿದರೂ ಯಾರೂ ಶರಣಾಗಲಿಲ್ಲ. ತೂಗಿ ನೋಡುವವರಿಲ್ಲದುದರಿಂದ ಪಂದ್ಯ ಸಮವೆಂದಾಯಿತು. ಮುಂದೆ ಮೂವರು ತೀರ್ಪುಗಾರರು ಬಂದರು. 2000ದ ಸುಮಾರಿಗೆ ನ್ಯೂಜೆರ್ಸಿ ಸಂಸ್ಥಾನದಲ್ಲಿ ಏಕರೂಪದ ನಿಯಮಗಳು ರೂಪುಗೊಂಡವು.

ಈಗಿನ ಕ್ರಮ ಹೀಗಿದೆ. ಐದೈದು ನಿಮಿಷದ ಮೂರು ಸುತ್ತು. ಪಟ್ಟಕ್ಕಾಗಿ ನಡೆಯುವ ಪಂದ್ಯವಾದರೆ ಐದು ಸುತ್ತು. ಪ್ರತಿ ಸುತ್ತಿನಲ್ಲಿ ಮೇಲುಗೈ ಪಡೆದವರಿಗೆ 10, ಇನ್ನೊಬ್ಬರಿಗೆ 9. ಎದುರಾಳಿಯನ್ನು ತೀರ ಜರ್ಜರಿತಗೊಳಿಸಿದರೆ 10ಕ್ಕೆ 8. ಮೂರು ಸುತ್ತೆಂದರೆ ಬೆಸಸಂಖ್ಯೆ. ಸಮವಾಗುವುದಾದರೂ ಹೇಗೆಂದು ಗಣಿತ ಬಲ್ಲ ವಾಚಕರು ಕೇಳಬಹುದು. ಒಬ್ಬನು ಎರಡು ಸುತ್ತುಗಳನ್ನು ಅಲ್ಪ ಅಂತರದಲ್ಲಿ ಗೆದ್ದು, ಮೂರನೆಯದರಲ್ಲಿ ಚೆನ್ನಾಗಿ ಪೆಟ್ಟು ತಿಂದನೆಂದುಕೊಳ್ಳಿ. ಅವನಿಗೆ 10, 10, 8. ಇನ್ನೊಬ್ಬನಿಗೆ 9, 9, 10. ಎರಡೂ ಕೂಡಿದರೆ ಇಪ್ಪತ್ತೆಂಟೇ. ಎರಡು ಸಣ್ಣ ಗೆಲುವುಗಳೂ ಒಂದು ದೊಡ್ಡ ಗೆಲುವೂ ತಕ್ಕಡಿಯಲ್ಲಿ ಸರಿತೂಗಿದವು.

ಮೂವರು ತೀರ್ಪುಗಾರರಿರುವುದರಿಂದ ಸಮವೂ ಮೂರು ಬಗೆ. ಮೂವರೂ ಸಮವೆಂದರೆ ಸರ್ವಸಮ್ಮತದ ಸಮ. ಇಬ್ಬರು ಸಮವೆಂದು, ಒಬ್ಬರು ಯಾರದೋ ಗೆಲುವೆಂದರೆ ಬಹುಮತದ ಸಮ. ಒಬ್ಬರು ಈತನೆಂದು, ಇನ್ನೊಬ್ಬರು ಆತನೆಂದು, ಮೂರನೆಯವರು ಸಮವೆಂದರೆ ಅದು ಭಿನ್ನಮತದ ಸಮ. 2016ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಟೈರನ್ ವುಡ್ಲಿ, ಸ್ಟೀಫನ್ ಥಾಂಪ್ಸನ್ ಇವರ ಪಂದ್ಯದಲ್ಲಿ ಇಬ್ಬರು ತೀರ್ಪುಗಾರರು 47–47 ಎಂದೂ ಒಬ್ಬರು ವುಡ್ಲಿಗೆ 48–47 ಎಂದೂ ಬರೆದಿದ್ದರು. ಉದ್ಘೋಷಕನು ಮೊದಲು ವುಡ್ಲಿ ಗೆದ್ದನೆಂದೇ ಸಾರಿಬಿಟ್ಟು, ಅನಂತರ ತಿದ್ದಿ ಸಮವೆಂದು ಹೇಳಬೇಕಾಯಿತು.

ಸಮವು ಇಬ್ಬರಿಗೂ ಸಮವೆ?

ಪಟ್ಟವೊಂದು ಪಣವಾಗಿರುವಲ್ಲಿ ಸಮವೆಂಬುದು ನಿಜವಾಗಿ ಸಮವಲ್ಲ. ಪಂದ್ಯ ಸಮವಾದರೆ ಪಟ್ಟವು ಅದನ್ನು ಮೊದಲೇ ಹೊಂದಿದ್ದವರಲ್ಲಿಯೇ ಉಳಿಯುತ್ತದೆ. ಎದುರಿಸಿ ಬಂದವರು ಬರಿಗೈಯಲ್ಲಿ ಹಿಂದಿರುಗಬೇಕು.

2023ರ ಸೆಪ್ಟೆಂಬರ್ 16ರಂದು ಲಾಸ್ ವೇಗಾಸಿನಲ್ಲಿ ಅಲೆಕ್ಸಾ ಗ್ರಾಸೊ ಮತ್ತು ವ್ಯಾಲೆಂಟಿನಾ ಶೆವ್‌ಚೆಂಕೊ ಎಂಬ ಇಬ್ಬರು ವನಿತೆಯರು ಪಟ್ಟಕ್ಕಾಗಿ ಹೋರಾಡಿದರು. ಅದೇ ವರ್ಷ ಗ್ರಾಸೊಳಿಗೆ ಸೋತು ಪಟ್ಟ ಕಳೆದುಕೊಂಡಿದ್ದ ಶೆವ್‌ಚೆಂಕೊ ಅದನ್ನು ಮರಳಿ ಪಡೆಯಲು ಬಂದಿದ್ದಳು. ತೀರ್ಪು ಬಂತು: ಒಬ್ಬರು ಇವಳೆಂದರು, ಒಬ್ಬರು ಅವಳೆಂದರು, ಮೂರನೆಯವರ ಹಾಳೆಯಲ್ಲಿ 47–47. ಆ ಮೂರನೆಯವರು ಕೊನೆಯ ಸುತ್ತಿನಲ್ಲಿ ಗ್ರಾಸೊಳಿಗೆ 10, ಶೆವ್‌ಚೆಂಕೊಗೆ 8 ಕೊಟ್ಟಿದ್ದರು. 9 ಕೊಟ್ಟಿದ್ದರೆ ಪಟ್ಟ ಆ ರಾತ್ರಿಯೇ ಕೈ ಬದಲಾಗುತ್ತಿತ್ತು. ಆ ಒಂದು ಅಂಕದ ಮೇಲೆ ಬಹಳ ಚರ್ಚೆ ನಡೆಯಿತು. ಸುಮಾರು ಒಂದು ವರ್ಷ ಕಾದು, 2024ರ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಹೋರಾಡಿ, ಶೆವ್‌ಚೆಂಕೊ ಮೂವರೂ ಒಪ್ಪುವಂತೆ ಗೆದ್ದು ಪಟ್ಟ ಪಡೆದಳು.

ತಪ್ಪಿಗೆ ಕಳೆಯುವ ಅಂಕದಿಂದಲೂ ಸಮ ಹುಟ್ಟುತ್ತದೆ. 2020ರ ಡಿಸೆಂಬರಿನಲ್ಲಿ ಪಟ್ಟವಿದ್ದ ಡೈವ್‌ಸನ್ ಫಿಗರೆಡೊ ಎದುರಾಳಿ ಬ್ರ್ಯಾಂಡನ್ ಮೊರೆನೊನ ತೊಡೆಸಂದಿಗೆ ಒದ್ದುದಕ್ಕಾಗಿ ಒಂದು ಅಂಕ ಕಳೆದುಕೊಂಡನು. ಪಂದ್ಯ ಬಹುಮತದಿಂದ ಸಮವಾಯಿತು. ಆ ಒದೆತವಿಲ್ಲದಿದ್ದರೆ ಫಿಗರೆಡೊ ಗೆಲ್ಲುತ್ತಿದ್ದನು. ಆದರೂ ಪಟ್ಟ ಅವನಲ್ಲಿಯೇ ಉಳಿಯಿತು!

ಜಾತ್ರೆಯ ಕುಸ್ತಿಯಲ್ಲಿ ಈ ತೊಡಕಿಲ್ಲ. ಬೆಳ್ಳಿಯ ಕಡಗ ಕುಸ್ತಿಗೆ ಮುಂಚೆ ಯಾರ ಸ್ವತ್ತೂ ಅಲ್ಲ, ಅದು ಊರಿನದು. ಇಬ್ಬರೂ ಬರಿಗೈಯವರಾಗಿಯೇ ಕಣಕ್ಕೆ ಇಳಿಯುತ್ತಾರೆ. ‘ಸಮ’ ಎಂಬ ಮಾತು ಅಲ್ಲಿ ಪೂರ್ಣವಾಗಿ ಅರ್ಥವತ್ತಾಗಿರುತ್ತದೆ.

ನಡೆದರೂ ನಡೆಯದ ಪಂದ್ಯ

ಸಮವಲ್ಲದೆ ಇನ್ನೊಂದು ತೀರ್ಪೂ ಉಂಟು: ‘ನೋ ಕಾಂಟೆಸ್ಟ್’. ಪಂದ್ಯ ನಡೆದೇ ಇಲ್ಲವೆಂದು ಭಾವಿಸತಕ್ಕದ್ದು ಎಂದು ಇದರ ತಾತ್ಪರ್ಯ. ಸಮದಲ್ಲಿ ಇಬ್ಬರನ್ನೂ ತೂಗಿ ನೋಡಿರುತ್ತದೆ. ಇಲ್ಲಿ ತಕ್ಕಡಿಯೇ ಕೆಟ್ಟುಹೋಗಿರುತ್ತದೆ.

ಗದಾಯುದ್ಧದ ಕಥೆ ಕನ್ನಡಿಗರಿಗೆ ರನ್ನನ ಕಾಲದಿಂದ ಚಿರಪರಿಚಿತ. ಹೊಕ್ಕುಳಿನ ಕೆಳಗೆ ಹೊಡೆಯಬಾರದೆಂಬ ನಿಯಮವನ್ನು ಮೀರಿ ಭೀಮನು ದುರ್ಯೋಧನನ ತೊಡೆಗೆ ಹೊಡೆದಾಗ, ಇಬ್ಬರಿಗೂ ಗುರುವಾದ ಬಲರಾಮನು ಕೆರಳಿ ನೇಗಿಲೆತ್ತಿದನು, ಕೃಷ್ಣನು ತಡೆದನು, ತೀರ್ಪು ಹಾಗೆಯೇ ನಿಂತಿತು. ಇಂದಿನ ನಿಯಮದಲ್ಲಿ ಬಲರಾಮನ ಮಾತಿಗೆ ಬೆಲೆಯುಂಟು. ಬೇಕೆಂದೇ ತಪ್ಪು ಹೊಡೆತ ಕೊಟ್ಟು ಎದುರಾಳಿ ಏಳಲಾರದಂತೆ ಮಾಡಿದವನು ಅನರ್ಹನಾಗಿ ಸೋಲುತ್ತಾನೆ. ಕೈತಪ್ಪಿ ಆದುದಾದರೆ, ಪಂದ್ಯದ ನಿಗದಿಯಾದಷ್ಟು ಭಾಗ ಮುಗಿದಿದ್ದಲ್ಲಿ ಅಲ್ಲಿಯವರೆಗಿನ ಅಂಕಗಳನ್ನು ಎಣಿಸಿ ತೀರ್ಮಾನ. ಅದಕ್ಕೂ ಮುನ್ನವಾದರೆ ‘ನೋ ಕಾಂಟೆಸ್ಟ್’. 2025ರ ಅಕ್ಟೋಬರ್ 25ರಂದು ಅಬುಧಾಬಿಯಲ್ಲಿ ಸಿರಿಲ್ ಗಾನನ ಬೆರಳುಗಳು ತಗುಲಿ ಟಾಮ್ ಆಸ್ಪಿನಾಲನ ಕಣ್ಣಿಗೆ ಪೆಟ್ಟಾದಾಗ, ಮೊದಲ ಸುತ್ತಿನಲ್ಲಿಯೇ ಪಂದ್ಯ ನಿಂತು ಈ ತೀರ್ಪು ಬಂದಿತು.

ಗೆಲುವು ಸಾರಿದ ಮೇಲೂ ಅದನ್ನು ಅಳಿಸುವುದುಂಟು. 2017ರ ಜುಲೈ 29ರಂದು ಜಾನ್ ಜೋನ್ಸ್ ಎಂಬವನು ಡೇನಿಯಲ್ ಕಾರ್ಮಿಯರನನ್ನು ನೆಲಕ್ಕುರುಳಿಸಿ ಪಟ್ಟ ಗೆದ್ದನು. ತರುವಾಯ ಅವನ ಮೈಯಲ್ಲಿ ನಿಷಿದ್ಧ ಔಷಧ ಪತ್ತೆಯಾಯಿತು. ಕ್ಯಾಲಿಫೋರ್ನಿಯದ ಅಧಿಕಾರಿಗಳು ಆ ಪಂದ್ಯವನ್ನೇ ಇಲ್ಲವೆನಿಸಿದರು. ಪಟ್ಟ ಕಾರ್ಮಿಯರನಿಗೆ ಮರಳಿತು. ಸಾವಿರಾರು ಜನ ಕಣ್ಣಾರೆ ಕಂಡ ಪೆಟ್ಟು ಕಾಗದದ ಮೇಲೆ ಉಳಿಯಲಿಲ್ಲ.

ಬಲವು ಸಮವಾಗಿತ್ತೆ, ಗೆಲುವು ರುಜುವಾತಾಗಲಿಲ್ಲವೆ, ಕಾಳಗವೇ ಕೆಟ್ಟಿತೆ ಎಂಬ ಮೂರು ಪ್ರಶ್ನೆಗಳಿಗೂ ಜಾತ್ರೆಯ ಕಣದಲ್ಲಿ ‘ಸಮ’ ಎಂಬುದೊಂದೇ ಉತ್ತರ. ಮಿಶ್ರ ಕಾಳಗದವರು ಅವುಗಳನ್ನು ಬಿಡಿಸಿ ಬೇರೆ ಬೇರೆ ಹೆಸರಿಟ್ಟಿದ್ದಾರೆ. ಹಾಗೆಂದು ಹರಪನಹಳ್ಳಿಯ ಕಡೆಯ ಪಂಚರು ಹಾಳೆ ಲೇಖನಿ ಹಿಡಿದು 10, 9 ಎಂದು ಬರೆಯಬೇಕಾಗಿಲ್ಲ. ಬೆನ್ನಿಗೆ ಮಣ್ಣು ಮುಟ್ಟಿತೋ ಇಲ್ಲವೋ ಎಂಬುದೇ ಆ ಕುಸ್ತಿಯ ಜೀವಾಳ. ಆದರೆ ಇಬ್ಬರ ಕೈಗಳನ್ನು ಒಟ್ಟಿಗೆ ಎತ್ತುವಾಗ ಕಾರಣವನ್ನೂ ಒಂದು ಮಾತಿನಲ್ಲಿ ಗಟ್ಟಿಯಾಗಿ ಸಾರಿದರೆ ನಷ್ಟವೇನಿಲ್ಲ: ಕತ್ತಲಾಯಿತು, ಅಥವಾ ಒಬ್ಬನಿಗೆ ಪೆಟ್ಟಾಯಿತು, ಅಥವಾ ಇಬ್ಬರೂ ಸರಿಜೋಡಿ. ಹಾಗಾದಾಗ ಪೈಲ್ವಾನನು ಗುಮಾನಿಯನ್ನು ಹೊತ್ತು ಊರಿಗೆ ಹೋಗಬೇಕಾಗಿಲ್ಲ. ಬರುವ ವರ್ಷದ ಜಾತ್ರೆಗೆ ಅದೇ ಜೋಡಿಯನ್ನು ಮತ್ತೆ ಕಟ್ಟುವುದಕ್ಕೂ ಒಂದು ನೆಪ ಸಿಕ್ಕಂತಾಗುತ್ತದೆ.