ಹೊರಡುವ ತಾರೀಖಿಲ್ಲದ ಮನೆ

ಆ ಮನೆಗೆ ಬಂದ ದಿನವೇ ಹೊರಡುವ ದಿನವೂ ಗೊತ್ತಾಗಿಬಿಡುತ್ತಿತ್ತು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಸಿಲ್ವರ್ ಸ್ಪ್ರಿಂಗ್‌ನಲ್ಲಿ, ಕುಡಿತ ಬಿಟ್ಟವರಿಗೆಂದು ಕೌಂಟಿ ಆಡಳಿತ ನಡೆಸುತ್ತಿದ್ದ ಆಶ್ರಯಮನೆ ಅದು. ಆರು ತಿಂಗಳು ತುಂಬಿತೆಂದರೆ ಗಂಟುಮೂಟೆ ಕಟ್ಟಬೇಕು. ಹಾಗೆ ಹೋದವರಲ್ಲಿ ಬಹುಪಾಲು ಜನ ಮತ್ತೆ ಬಾಟಲಿ ಹಿಡಿದ ಸುದ್ದಿ ಒಳಗಿದ್ದವರ ಕಿವಿಗೆ ಬೀಳುತ್ತಲೇ ಇತ್ತು.

1975ರಲ್ಲಿ ಖರ್ಚು ಉಳಿಸಲು ಕೌಂಟಿ ಆ ಮನೆಯನ್ನೇ ಮುಚ್ಚಲು ಹೊರಟಿತು. ಅಲ್ಲಿದ್ದವರಲ್ಲಿ ಪಾಲ್ ಮೊಲಾಯ್ ಒಬ್ಬರು. ವಕೀಲರು, ಸೆನೆಟ್ ಸಮಿತಿಯೊಂದರಲ್ಲಿ ದುಡಿದವರು; ಕುಡಿತದಲ್ಲಿ ಸಂಸಾರ, ಕೆಲಸ ಎರಡನ್ನೂ ಕಳೆದುಕೊಂಡು ಬಂದಿದ್ದರು. ಅವರೂ ಜೊತೆಗಾರರೂ ಕೂತು ಲೆಕ್ಕ ಹಾಕಿದರು. ಸಂಬಳದ ಮೇಲ್ವಿಚಾರಕ ಬೇಡವೆಂದರೆ ಬಾಡಿಗೆ, ಕರೆಂಟು, ಅಡುಗೆಮನೆ ಖರ್ಚು ತಮ್ಮ ದುಡಿಮೆಯಲ್ಲೇ ಸಾಗುತ್ತದೆ! ಮನೆಯನ್ನು ತಾವೇ ಬಾಡಿಗೆಗೆ ಹಿಡಿದು 'ಆಕ್ಸ್‌ಫರ್ಡ್ ಹೌಸ್' ಎಂದು ಹೆಸರಿಟ್ಟರು. ಕುಡಿತ ಬಿಡುವವರ ಒಕ್ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ಗೆ ಪ್ರೇರಣೆಯಾದ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಚಳವಳಿಯ ನೆನಪು ಆ ಹೆಸರಿನಲ್ಲಿದೆ. ಮಿಕ್ಕಿದ ಹಣದಲ್ಲಿ ಎರಡನೆಯ ಮನೆ ಎದ್ದಿತು.

ಆರು ತಿಂಗಳ ಗಡುವು ಹೋಯಿತು. ಬಾಡಿಗೆಯ ಪಾಲು ಕೊಟ್ಟು, ಕುಡಿಯದೆ, ಕಿರಿಕಿರಿ ಮಾಡದೆ ಇರುವವರು ಎಷ್ಟು ಕಾಲವಾದರೂ ಇರಬಹುದು. ಕುಡಿದವರನ್ನು ಮಾತ್ರ ಮನೆಯವರೇ ವೋಟು ಹಾಕಿ ಆಗಿಂದಾಗಲೇ ಹೊರಗೆ ಕಳಿಸುತ್ತಾರೆ. ಮೊದಲು ಓದಿದಾಗ ಇದು ಕಠೋರ ಅನ್ನಿಸಿತ್ತು ನನಗೆ. ಆದರೆ ಪಕ್ಕದ ಮಂಚದಲ್ಲಿ ಮಲಗಿದವನಿಗೆ ಆ ವಾಸನೆ ಏನು ಮಾಡುತ್ತದೆ ಎಂಬುದು ವೋಟು ಹಾಕುವ ಪ್ರತಿಯೊಬ್ಬನಿಗೂ ಗೊತ್ತು. ಆ ಅಧಿಕಾರ ಅವರ ಕೈಯಲ್ಲೇ ಇರುವುದು ಸರಿಯೆಂದೇ ಈಗ ನಂಬಿದ್ದೇನೆ.

1988ರ ಕೇಂದ್ರ ಕಾನೂನು ಇಂಥ ಮನೆ ಶುರುಮಾಡುವವರಿಗೆ 4,000 ಡಾಲರ್‌ವರೆಗೆ ಸಾಲ ಸಿಗುವಂತೆ ಮಾಡಿತು. ಮರಳಿ ಬಂದ ದುಡ್ಡು ಮುಂದಿನ ಮನೆಗೆ. ನೆರೆಹೊರೆಯವರ ವಿರೋಧವೂ ಬೆನ್ನಿಗೇ ಬಂತು. ವಾಷಿಂಗ್ಟನ್ ರಾಜ್ಯದ ಎಡ್ಮಂಡ್ಸ್ ನಗರ, ಸಂಬಂಧಿಕರಲ್ಲದ ಐವರಿಗಿಂತ ಹೆಚ್ಚು ಜನ ಒಂದೇ ಮನೆಯಲ್ಲಿರಕೂಡದೆಂಬ ನಿಯಮ ಮುಂದಿಟ್ಟಿತು. ವಸತಿ ತಾರತಮ್ಯ ವಿರೋಧಿ ಕಾನೂನಿನಿಂದ ಅಂಥ ನಿಯಮ ತಪ್ಪಿಸಿಕೊಳ್ಳಲಾಗದು ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಶಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದ ಲಿಯೊನಾರ್ಡ್ ಜೇಸನ್ ತಂಡ, ಚಿಕಿತ್ಸೆ ಮುಗಿಸಿದ 150 ಜನರಲ್ಲಿ ಅರ್ಧದಷ್ಟು ಮಂದಿಯನ್ನು ಇಂಥ ಮನೆಗಳಿಗೆ ಕಳಿಸಿ, ಉಳಿದವರನ್ನು ಎಂದಿನ ಆರೈಕೆಗೆ ಬಿಟ್ಟಿತು. ಎರಡು ವರ್ಷದ ಬಳಿಕ ಚಟಕ್ಕೆ ಮರಳಿದವರು ಮನೆಗಳಿಗೆ ಹೋದವರಲ್ಲಿ ಶೇ 31, ಉಳಿದವರಲ್ಲಿ ಶೇ 65.

ಮೊಲಾಯ್ 2022ರಲ್ಲಿ ತೀರಿಕೊಂಡರು. ಇಂದು 3,000ಕ್ಕೂ ಹೆಚ್ಚು ಮನೆಗಳಿವೆ. ಒಂದು ಮಂಚ ಖಾಲಿಯಾದರೆ ಹೊಸಬನನ್ನು ಕರೆದು ಮಾತಾಡಿಸುತ್ತಾರೆ; ನೂರಕ್ಕೆ ಎಂಬತ್ತರಷ್ಟು ಒಪ್ಪಿಗೆ ಬೇಕು. ಪ್ರಶ್ನೆ ಕೇಳುವವರೆಲ್ಲ ಅದೇ ಕುರ್ಚಿಯಲ್ಲಿ ಕೂತು ಉತ್ತರ ಕೊಟ್ಟವರೇ.