ಕರಿಕಲ್ಲಿನ ದ್ವೀಪದಲ್ಲಿ ಒಂದು ದಿನ

ಮಾರಿಷಸ್ ಎಂದ ಕೂಡಲೇ ನಮಗೆ ನೆನಪಾಗುವುದು ಕ್ಯಾಲೆಂಡರಿನ ಚಿತ್ರ: ಬಿಳಿ ಮರಳು, ತಿಳಿನೀಲಿ ನೀರು, ಬಾಗಿದ ಒಂದು ತೆಂಗಿನಮರ. ಅದೆಲ್ಲ ಇದೆ, ಸುಳ್ಳಲ್ಲ. ಆದರೆ ಸುಮಾರು 65 ಕಿ.ಮೀ. ಉದ್ದದ ಆ ದ್ವೀಪವನ್ನು ಬಾಡಿಗೆ ಕಾರಿನಲ್ಲಿ ಒಂದು ಹಗಲು ಸುತ್ತಿದಾಗ ನನ್ನ ಕಣ್ಣಿಗೆ ಹೆಜ್ಜೆಹೆಜ್ಜೆಗೂ ಬಿದ್ದದ್ದು ಬರೀ ಕರಿಕಲ್ಲು. ಕರಿಕಲ್ಲು ನೋಡೋಕೆ ಅಷ್ಟು ದೂರ ಹೋಗಬೇಕೇ, ಪುಣೆಯ ಗುಡ್ಡಗಳಲ್ಲೇ ಬೇಕಾದಷ್ಟಿದೆಯಲ್ಲ ಅಂತೀರಿ. ನಾನು ಹೇಳಹೊರಟಿದ್ದೂ ಅದನ್ನೇ.

ಹೊರಟಿದ್ದು ರಾಜಧಾನಿ ಪೋರ್ಟ್ ಲೂಯಿಯ ಆಪ್ರವಾಸಿ ಘಾಟಿನಿಂದ. ಅಲ್ಲಿ ಕರಿಕಲ್ಲಿನ 16 ಮೆಟ್ಟಿಲುಗಳಿವೆ. 1835ರಲ್ಲಿ ಗುಲಾಮಗಿರಿ ರದ್ದಾಯಿತು, ಆದರೆ ಕಬ್ಬಿನ ತೋಟಕ್ಕೆ ಆಳು ಬೇಕಲ್ಲ! 1834ರಿಂದ 20ನೆಯ ಶತಮಾನದ ಆರಂಭದವರೆಗೆ ಕಲ್ಕತ್ತಾ, ಮದ್ರಾಸು, ಮುಂಬಯಿ ಬಂದರುಗಳಿಂದ ನಾಲ್ಕೂವರೆ ಲಕ್ಷದಷ್ಟು ಕೂಲಿಗಳನ್ನು ಕರಾರಿನ ಮೇಲೆ ತಂದರು. ಹಡಗಿನಿಂದಿಳಿದ ಎಷ್ಟೋ ಜನ ಹತ್ತಿದ್ದು ಇದೇ ಮೆಟ್ಟಿಲು. ನಮ್ಮ ಡ್ರೈವರನ ಹಿರಿಯರೂ ಹಾಗೆ ರತ್ನಾಗಿರಿ ಕಡೆಯಿಂದ ಬಂದವರಂತೆ. ನನ್ನ ಅರೆಬರೆ ಮರಾಠಿ ಕೇಳಿ ಅವನು ನಕ್ಕ, ಅವನ ಮರಾಠಿ ಕೇಳಿ ನಾನು ನಕ್ಕೆ.

ಅಲ್ಲಿಂದ ಕ್ಯೂರ್‌ಪಿಪ್ ಊರಿನ ತ್ರೂ ಓ ಸೆರ್ಫ್. ಬಾಯಿ ತೆರೆದ ಅಗ್ನಿಪರ್ವತ ಅಂದುಕೊಂಡು ಹೋದರೆ ನಿರಾಸೆಯೇ. 300 ಮೀಟರಿಗೂ ಮಿಕ್ಕಿದ ಅಗಲದ ಬೋಗುಣಿ, ಒಳಗೆಲ್ಲ ಮರಗಳು, ತಳದಲ್ಲಿ ಹೂಳು ತುಂಬಿದ ಚಿಕ್ಕ ಹೊಂಡ. ಮುಂದೆ ಸಿಗುವ ಗ್ರಾಂಡ್ ಬಾಸಿನ್ ಕೂಡ ಇಂಥದೇ ಬಾಯಿ, ಅದರಲ್ಲಿ ನೀರು ತುಂಬಿದೆ. ಈಗ ಅದು ಗಂಗಾ ತಲಾವ್. ಶಿವರಾತ್ರಿಗೆ ದ್ವೀಪದ ಮೂಲೆಮೂಲೆಗಳಿಂದ ಜನ ಕಾವಡಿ ಹೊತ್ತು ನಡೆದು ಬರುತ್ತಾರೆ.

ಆದರೆ ದಿನದ ಮುಖ್ಯ ನೋಟ ಶಾಮರೆಲ್. ಕಟಾಂಜನದಾಚೆ ಹುಲ್ಲುಕಡ್ಡಿಯೂ ಇಲ್ಲದ ಮಣ್ಣಿನ ದಿಬ್ಬಗಳು: ಕೆಂಪು, ಕಂದು, ಹಳದಿ, ನೇರಳೆ. ಏಳು ಬಣ್ಣ ಎಂದು ಬೋರ್ಡು ಹೇಳುತ್ತದೆ. ನಾನು ಎಣಿಸಿದ್ದು ಐದು. ಇದೂ ಕರಿಕಲ್ಲೇ ನೋಡ್ರಿ! ಮಳೆ ಜೋರು, ಸೆಕೆಯೂ ಇದೆ. ಯುಗಯುಗಗಳ ಮಳೆ ಆ ಕಲ್ಲನ್ನು ಕೊಳೆಸಿ, ಕರಗುವುದನ್ನೆಲ್ಲ ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯುಮಿನಿಯಮ್ಮಿನ ತುಕ್ಕನ್ನಷ್ಟೇ ಉಳಿಸಿದೆ. ಅದರ ಬಣ್ಣಗಳೇ ಇವು. ನಮ್ಮ ವಿಜಾಪುರ, ಕಲಬುರಗಿಯಲ್ಲಿ ಇಂಥದೇ ಕಲ್ಲು ಒಡೆದು ಎರೆಮಣ್ಣಾಯಿತು. ಅಲ್ಲಿ ಮಳೆ ಕಡಿಮೆ, ಅಂಶಗಳು ತೊಳೆದುಹೋಗದೆ ಮಣ್ಣಿನಲ್ಲೇ ನಿಂತವು. ಆದ್ದರಿಂದ ಎರೆ ಜೋಳ ಬೆಳೆಯುತ್ತದೆ. ಶಾಮರೆಲ್ಲಿನ ದಿಬ್ಬ ಟಿಕೆಟ್ಟು ಮಾರುತ್ತದೆ.

ಇದು ಬರೀ ಹೋಲಿಕೆಯಲ್ಲ, ನಂಟಸ್ತಿಕೆ. ಭೂಮಿಯ ಒಡಲಲ್ಲಿ ಒಂದು ಒಲೆ ಹೆಚ್ಚುಕಡಿಮೆ ಒಂದೇ ಕಡೆ ಉರಿಯುತ್ತಿದೆ, ಮೇಲಿನ ಹಂಚು ಮಾತ್ರ ಸರಿಯುತ್ತಿದೆ ಎಂದುಕೊಳ್ಳಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಆ ಒಲೆಯ ಮೇಲಿದ್ದದ್ದು ನಮ್ಮ ನೆಲ. ಆಗ ಉಕ್ಕಿದ ಲಾವಾ ಪದರ ಪದರವಾಗಿ ಹೆಪ್ಪುಗಟ್ಟಿ ದಖನ್ ಪ್ರಸ್ಥಭೂಮಿಯಾಯಿತು ಎಂದು ಬಹುಪಾಲು ಭೂವಿಜ್ಞಾನಿಗಳು ಹೇಳುತ್ತಾರೆ. ನೆಲ ಉತ್ತರಕ್ಕೆ ಸರಿದಂತೆಲ್ಲ ಲಕ್ಷದ್ವೀಪ, ಮಾಲ್ಡೀವ್ಸ್‌ಗಳ ಕೆಳಗಿನ ಬೆಟ್ಟಸಾಲು ಎದ್ದಿತು. ಮಾರಿಷಸ್ ಬಂದದ್ದು ತೀರ ಈಚೆ, 80 ಲಕ್ಷ ವರ್ಷಗಳ ಸುಮಾರಿಗೆ. ಈಗ ಒಲೆ ಇರುವುದು ಪಕ್ಕದ ರಿಯೂನಿಯನ್ ದ್ವೀಪದಡಿ. ಅಲ್ಲಿನ ಪಿಟೊನ್ ದ ಲಾ ಫೂರ್ನೇಸ್ ಇಂದಿಗೂ ಆಗಾಗ ಬೆಂಕಿಯುಗುಳುತ್ತದೆ. ಗೋಲಗುಮ್ಮಟದ ಕಲ್ಲಿಗೆ ಇದು ದಾಯಾದಿ!

ಮಧ್ಯಾಹ್ನ ನೈರುತ್ಯ ತುದಿಯ ಲ ಮೋರ್ನ್ ಬೆಟ್ಟ. ಸಮುದ್ರದ ಅಂಚಿನಲ್ಲೇ 556 ಮೀಟರ್ ಎತ್ತರದ ಕಡಿದಾದ ಬಂಡೆ. ತೋಟಗಳಿಂದ ತಪ್ಪಿಸಿಕೊಂಡ ಗುಲಾಮರಿಗೆ ಅದರ ಗವಿಗಳೇ ಆಸರೆ. 1835ರಲ್ಲಿ ಬಿಡುಗಡೆಯ ಸುದ್ದಿ ಹೇಳಲು ಸಿಪಾಯಿಗಳು ಹತ್ತಿಬಂದಾಗ, ಹಿಡಿಯಲು ಬಂದರೆಂದು ಬೆದರಿ ಅವರು ಕೆಳಗೆ ಹಾರಿದರಂತೆ. ಇದು ಜನರ ಬಾಯಲ್ಲಿರುವ ಕತೆ. ಬುಡದ ಬೀಚಿನಲ್ಲಿ ಕೂತು ಕೇಳಿದೆ. ಕೈಯಲ್ಲಿದ್ದ ಎಳನೀರು ಹಾಗೇ ಉಳಿಯಿತು.

ದಕ್ಷಿಣದ ಗ್ರಿ ಗ್ರಿಯಲ್ಲಿ ಸಮುದ್ರವೇ ಬೇರೆ. ದ್ವೀಪದ ಸುತ್ತ ಹೆಚ್ಚುಕಡಿಮೆ ಎಲ್ಲ ಕಡೆ ಹವಳದ ದಂಡೆ ಅಲೆಗಳನ್ನು ದೂರದಲ್ಲೇ ತಡೆಯುತ್ತದೆ, ಇಲ್ಲಿ ಮಾತ್ರ ದಂಡೆ ತುಂಡಾಗಿದೆ. ಅಲೆ ನೇರ ಬಂದು ಕರಿಬಂಡೆಗೆ ಅಪ್ಪಳಿಸುತ್ತದೆ. ಈಜಬಾರದು.

ಸಂಜೆ ವಿಮಾನ ನಿಲ್ದಾಣದ ದಾರಿ. ಎರಡೂ ಕಡೆ ಕಬ್ಬು, ಕಬ್ಬಿನ ನಡುವೆ ಮನೆಯೆತ್ತರದ ಕಲ್ಲಿನ ರಾಶಿಗಳು. ಯಾವ ರಾಜನ ಗೋರಿಯಪ್ಪಾ ಇವು ಎಂದು ಕೇಳಿದೆ. ಡ್ರೈವರ್ ಕಾರು ನಿಲ್ಲಿಸಿದ. ಮಾರಿಷಸ್ಸಿನಲ್ಲಿ ಕಲ್ಲೆತ್ತಿದರೆ ಅಡಿಯಲ್ಲಿ ಚಿನ್ನ ಎಂದು ಹೇಳಿ ಕೂಲಿಗಳನ್ನು ಹಡಗು ಹತ್ತಿಸಿದರು ಎನ್ನುವುದು ಅಲ್ಲಿ ಮನೆಮಾತು. ಕಲ್ಲೆತ್ತುವ ಮಾತೇನೋ ನಿಜವಾಯಿತು. ಉಳಲು ನೆಲ ಬಿಡಿಸಬೇಕಲ್ಲ, ಲಾವಾದ ಗುಂಡುಗಳನ್ನು ಒಂದೊಂದಾಗಿ ಕೈಯಲ್ಲೇ ಎತ್ತಿ ಒಟ್ಟಿದರು. ಇಳಿದು ಹೋಗಿ ರಾಶಿಯ ಬುಡದ ಒಂದು ಕಲ್ಲಿಗೆ ಕೈಹಾಕಿದೆ. ಮೊಳಕಾಲಿನ ಮೇಲೆ ಏಳಲಿಲ್ಲ. ಡ್ರೈವರ್ ಹಾರ್ನ್ ಹೊಡೆದ, ವಿಮಾನಕ್ಕೆ ಹೊತ್ತಾಗಿತ್ತು.