‘ನಿರುಪಯುಕ್ತ’ ಎಂದು ಬರೆಯುವ ಮುನ್ನ

ಕಳೆದ ಬೇಸಿಗೆಯಲ್ಲಿ ಗೊರಗುಂಟೆಪಾಳ್ಯದ ನಮ್ಮ ಮನೆಯ ಅಟ್ಟದಿಂದ ಎರಡು ಮರದ ಪೆಟ್ಟಿಗೆಗಳನ್ನು ಕೆಳಗಿಳಿಸಿದೆವು. 1986ರಲ್ಲಿ ತುಟ್ಟಿಭತ್ಯೆಯ ಬಾಕಿ ಒಟ್ಟಾಗಿ ಕೈಸೇರಿದಾಗ ನಾನು ಕೊಂಡ ಸ್ಪೀಕರ್‌ಗಳು ಅವು. ವರ್ಗಾವಣೆಯಾದಾಗಲೆಲ್ಲ ಲಾರಿ ಹತ್ತಿ ಇಳಿದರೂ ಮುಕ್ಕಾಗದೆ ಉಳಿದಿದ್ದವು. ಆದರೆ ಈಗ ಮುಂಭಾಗದ ಬಟ್ಟೆ ತೆಗೆದು ಬೆರಳು ತಾಗಿಸಿದರೆ, ಕಾಗದದ ಶಂಕುವಿನ ಸುತ್ತ ಇದ್ದ ಕಪ್ಪು ಫೋಮ್ ಅಂಚು ಸುಟ್ಟ ಹಪ್ಪಳದಂತೆ ಪುಡಿಯಾಯಿತು. ‘ಗುಜರಿಯವರಿಗೆ ಕೊಟ್ಟುಬಿಡಿ ಅಪ್ಪಾ, ಅಂಗೈಯಗಲದ ಹೊಸ ಸ್ಪೀಕರ್ ತರಿಸಿಕೊಡುತ್ತೇನೆ’ ಎಂದ ಮಗ.

ಅವನ ಮಾತು ನನಗೆ ಹೊಸದೇನೂ ಅಲ್ಲ. ಸರ್ಕಾರಿ ಸೇವೆಯಲ್ಲಿದ್ದಾಗ ಇಂಥದೇ ತೀರ್ಮಾನವನ್ನು ನಾನು ನೂರಾರು ಬಾರಿ ಕೈಗೊಂಡಿದ್ದೇನೆ. ವರ್ಷಕ್ಕೊಮ್ಮೆ ದಾಸ್ತಾನು ವಹಿ ಎದುರಿಗೆ ಬರುತ್ತಿತ್ತು. ಕುರ್ಚಿ, ಬೆರಳಚ್ಚು ಯಂತ್ರ, ಜೀಪು, ಫ್ಯಾನು ಎಲ್ಲದರ ಮುಂದೆಯೂ ‘ನಿರುಪಯುಕ್ತ’ ಎಂಬ ಷರಾ ಇರುತ್ತಿತ್ತು. ನಾನು ಸಹಿ ಹಾಕುತ್ತಿದ್ದೆ, ಹರಾಜು ನಡೆಯುತ್ತಿತ್ತು. ಅವುಗಳಲ್ಲಿ ಎಷ್ಟು ವಸ್ತುಗಳಿಗೆ ಒಂದು ಸ್ಪ್ರಿಂಗು, ಒಂದು ಬೇರಿಂಗು ಸಾಕಾಗುತ್ತಿತ್ತೋ ಏನೋ, ನಾನು ಕೇಳಿದವನಲ್ಲ. ಈ ಸಲ ಕೇಳಿನೋಡೋಣ ಎನಿಸಿತು.

ಸ್ಪೀಕರಿನ ರಚನೆ ಬಲು ಸರಳ. ಅಯಸ್ಕಾಂತದ ಕಿರಿದಾದ ಸಂದಿನಲ್ಲಿ ತಂತಿಯ ಸುರುಳಿಯೊಂದು ತೂಗುತ್ತಿರುತ್ತದೆ. ವಿದ್ಯುತ್ ಹರಿದಂತೆ ಅದು ಹಿಂದೆ ಮುಂದೆ ಚಲಿಸಿ, ತನಗೆ ಅಂಟಿದ ಶಂಕುವನ್ನು ಅಲುಗಿಸುತ್ತದೆ. ಶಂಕು ಗಾಳಿಯನ್ನು ಅಲುಗಿಸುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ 1925ರಲ್ಲಿ ಪ್ರಕಟಿಸಿದ ವಿನ್ಯಾಸದ ಮೂಲತತ್ವ ಒಂದು ಶತಮಾನ ಕಳೆದರೂ ಬದಲಾಗಿಲ್ಲ. ಫೋಮ್ ಅಂಚಿಗೆ ಮಾತ್ರ ಆಯುಷ್ಯ ಕಡಿಮೆ. ಗಾಳಿಯ ತೇವಕ್ಕೆ ಅದು ಹದಿನೈದು ಇಪ್ಪತ್ತು ವರ್ಷಗಳಲ್ಲಿ ಶಿಥಿಲವಾಗುತ್ತದೆ. ಸುರುಳಿ, ಅಯಸ್ಕಾಂತ, ಶಂಕು ಮೂರೂ ಗಟ್ಟಿಯಾಗಿದ್ದರೂ ಅಂಚು ಹರಿದರೆ ಜನ ಇಡೀ ಸ್ಪೀಕರ್ ಹಾಳಾಯಿತೆನ್ನುತ್ತಾರೆ.

ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಅರ್ಧ ದಿನ ಅಲೆದು ಹೊಸ ಫೋಮ್ ಉಂಗುರ, ಅಂಟು, ನಾಲ್ಕು ಕೆಪಾಸಿಟರ್‌ಗಳನ್ನು ತಂದೆ. ಎಲ್ಲ ಸೇರಿ ಎರಡು ಸಾವಿರ ರೂಪಾಯಿ ದಾಟಲಿಲ್ಲ. ಹಳೆಯ ಅಂಟನ್ನು ಕೆರೆದು ತೆಗೆಯಲು ಮೂರು ದಿನ ಹಿಡಿಯಿತು. ಉಂಗುರ ಅಂಟಿಸಿ, ಮರುದಿನ ತಂತಿ ಜೋಡಿಸಿದರೆ ಗರಗರ ಸದ್ದು! ನಡುವೆ ನಿಲ್ಲಬೇಕಾದ ಸುರುಳಿ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ಅಯಸ್ಕಾಂತಕ್ಕೆ ಉಜ್ಜುತ್ತಿತ್ತು.

ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ, ಎಂಬತ್ತರ ಹತ್ತಿರದ ನೆರೆಮನೆಯ ಹಿರಿಯರು ಶಂಕುವನ್ನು ಎರಡು ಬೆರಳಿನಿಂದ ಮೆಲ್ಲಗೆ ಅದುಮಿ ನೋಡಿದರು. ‘ಅಂಟು ಚೆನ್ನಾಗಿಯೇ ಹಾಕಿದ್ದೀರಿ ಸಾರ್, ಆದರೆ ಸುರುಳಿಗೆ ಆಸರೆ ಕೊಡಲಿಲ್ಲ’ ಎಂದರು. ಹಳೆಯ ಎಕ್ಸ್‌ರೇ ಹಾಳೆ ತರಿಸಿ ಸಣ್ಣ ಪಟ್ಟಿಗಳಾಗಿ ಕತ್ತರಿಸಿದರು. ಶಂಕುವಿನ ನಡುವಿನ ಮುಚ್ಚಳ ಬಿಡಿಸಿ, ಸುರುಳಿಯ ಒಳಸಂದಿಗೆ ನಾಲ್ಕೂ ಕಡೆಯಿಂದ ಆ ಪಟ್ಟಿಗಳನ್ನು ಇಳಿಸಿದರು. ಸುರುಳಿ ನಡುವಿಗೆ ಬಂದು ನಿಂತಿತು. ಆಮೇಲೆ ಅಂಟು ಹಾಕಿ ಒಂದು ದಿನ ಒಣಗಿಸಿ, ಪಟ್ಟಿಗಳನ್ನು ತೆಗೆದೆವು. ಒಣಗಿಹೋಗಿದ್ದ ಕೆಪಾಸಿಟರ್‌ಗಳನ್ನು ಬದಲಿಸಿದೆವು. ಕೊನೆಗೆ ಒಂದೂವರೆ ವೋಲ್ಟಿನ ಬ್ಯಾಟರಿ ತಾಗಿಸಿ, ಎರಡೂ ಶಂಕುಗಳು ಒಂದೇ ದಿಕ್ಕಿಗೆ ಚಲಿಸುತ್ತವೆಯೇ ಎಂದು ಅವರು ಪರೀಕ್ಷಿಸಿದರು. ಒಂದು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಚಲಿಸಿದರೆ ಮಂದ್ರ ಸ್ವರಗಳು ಪರಸ್ಪರ ಕಳೆದುಹೋಗುತ್ತವೆ.

ತುಮಕೂರು ರಸ್ತೆಯ ಸದ್ದು ತುಸು ತಗ್ಗಿದ್ದ ಒಂದು ಭಾನುವಾರದ ಮುಂಜಾನೆ ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಿಕೆ ಹಾಕಿದೆವು. ಮೊದಲು ಕೇಳಿದ್ದು ತಂಬೂರಿ. ಮಗ ಕೈಯಲ್ಲಿದ್ದ ಮೊಬೈಲು ಕೆಳಗಿಟ್ಟು ಕುಳಿತ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಮಗ ಹೇಳಿದಂತೆ ಹೊಸ ಸ್ಪೀಕರ್ ಕೊಂಡಿದ್ದರೆ ಅದರ ಬೆಲೆ ಗೃಹಬಳಕೆಯ ವೆಚ್ಚವಾಗಿ ರಾಷ್ಟ್ರೀಯ ಲೆಕ್ಕದಲ್ಲಿ ದಾಖಲಾಗುತ್ತಿತ್ತು. ನಾವಿಬ್ಬರು ವೃದ್ಧರು ಒಂದು ವಾರ ಪಟ್ಟ ಶ್ರಮ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಮನೆಯವರೇ ಮನೆಗಾಗಿ ಮಾಡಿಕೊಂಡ ರಿಪೇರಿ ಜಿಡಿಪಿಯ ವ್ಯಾಪ್ತಿಗೆ ಬಾರದು. ಎಣಿಕೆಗೆ ಸಿಗದ್ದು ನೀತಿ ರೂಪಿಸುವವರ ಕಣ್ಣಿಗೂ ಬೀಳುವುದಿಲ್ಲ. ಈ ಕೆಲಸದಲ್ಲಿ ಅಗ್ಗವಾಗಿ ಸಿಕ್ಕಿದ್ದು ಬಿಡಿಭಾಗ, ದುರ್ಲಭವಾಗಿದ್ದು ಆ ಹಿರಿಯರ ಎರಡು ಬೆರಳುಗಳ ತಿಳಿವಳಿಕೆ.

ಆ ತಿಳಿವಳಿಕೆ ತಾನಾಗಿ ಹುಟ್ಟಿದ್ದಲ್ಲ. 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾದಂದಿನಿಂದ ಜಾಲಹಳ್ಳಿ, ಯಶವಂತಪುರ, ಪೀಣ್ಯಗಳ ಈ ಸೀಮೆ ಇಂಥ ಸಾವಿರಾರು ಕೈಗಳನ್ನು ಪಳಗಿಸಿತು. ಎಚ್‌ಎಂಟಿಯ ಗಡಿಯಾರ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದಾಗ ನಷ್ಟದ ಲೆಕ್ಕ, ಭೂಮಿಯ ಲೆಕ್ಕ ಚರ್ಚೆಯಾದವು. ಕೈಗಳ ಲೆಕ್ಕವನ್ನೂ ಅಷ್ಟೇ ಆಸ್ಥೆಯಿಂದ ಕೇಳಬೇಕಿತ್ತು.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ರಚಿಸಿ, ಅದೇ ವರ್ಷ ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆಯಿತು. ಸ್ವಾಗತಾರ್ಹ ಹೆಜ್ಜೆ. ಆದರೆ ರಿಪೇರಿ ಮಾಡಬಲ್ಲವರೇ ಇಲ್ಲವಾದರೆ ಹಕ್ಕು ಕಾಗದದಲ್ಲಿ ಉಳಿದೀತು. ಕೈಗಾರಿಕಾ ತರಬೇತಿ ಸಂಸ್ಥೆಗಳು ಇಂಥ ಹಿರಿಯರನ್ನು ವಾರಕ್ಕೊಂದು ದಿನ ಗೌರವಧನ ಕೊಟ್ಟು ಕರೆಸಿಕೊಳ್ಳಲು ದೊಡ್ಡ ಅನುದಾನವೇನೂ ಬೇಕಿಲ್ಲ. ಸರ್ಕಾರಿ ಕಚೇರಿಗಳಲ್ಲಿಯೂ ವಸ್ತುವೊಂದನ್ನು ತಿರಸ್ಕರಿಸುವ ಪಟ್ಟಿಗೆ ಸೇರಿಸುವ ಮೊದಲು ರಿಪೇರಿಯ ಅಂದಾಜು ವೆಚ್ಚವನ್ನು ಕಡತದಲ್ಲಿ ಲಗತ್ತಿಸುವುದು ಕಡ್ಡಾಯವಾಗಲಿ.

ನಾನು ಸಹಿ ಹಾಕಿದ ಕಡತಗಳನ್ನು ಈಗ ತಿದ್ದಲಾಗದು. ಇಂದು ಆ ಕುರ್ಚಿಗಳಲ್ಲಿ ಕುಳಿತಿರುವ ಕಿರಿಯ ಮಿತ್ರರಲ್ಲಿ ಒಂದೇ ವಿನಂತಿ: ದಾಸ್ತಾನು ವಹಿ ಮುಂದೆ ಬಂದಾಗ, ‘ನಿರುಪಯುಕ್ತ’ ಎಂಬ ಪದದ ಕೆಳಗೆ ಸಹಿ ಹಾಕುವ ಮುನ್ನ, ಅದನ್ನು ಬಿಚ್ಚಿ ನೋಡಿದವರು ಯಾರು ಎಂದು ಒಮ್ಮೆ ಕೇಳಿ.